ಸಿದ್ದಲಿಂಗವ್ವ ತಿಂದ ಹೂವಿನ ಏಟು

ಗಡಿಯಾಚೆ ಮುಂಬಯಿ ಸರಕಾರದ ಸೀಮೆಯಲ್ಲಿ, ಮುಚ್ಚಂಡಿ ದಾಟಿದರೆ ಸಿಗುವ ಪುಟ್ಟ ಕನ್ನಡದ ಊರಿನ ಸಿದ್ದಲಿಂಗವ್ವನಿಗೆ ಆ ವರ್ಷ ಇದ್ದದ್ದು ಒಂದೇ ಆಸೆ: ಪಕ್ಕದ ಮನೆಯ ಚಾಂದಬಿಯ ಕೈಯಿಂದ ಏಟು ತಿನ್ನಬೇಕು.

ನಗಬೇಡಿ. ಆ ಊರಿನ ಹೂವಿನ ಹಬ್ಬದ ಪದ್ಧತಿಯೇ ಹಾಗೆ. ಯಾರಿಂದ ಮನಸ್ಸು ನೊಂದಿದೆಯೋ ಅವರಿಗೆ ಗುರಿಯಿಟ್ಟು ಚೆಂಡುಹೂ ಎಸೆಯಬೇಕು. ಏಟು ಬಿತ್ತೋ, ಜಗಳ ಮುಗಿಯಿತು. ತಿಂದವರು ತಪ್ಪು ಸರಿಮಾಡಿ, ಎಸೆದವರ ಮನೆಯಲ್ಲಿ ಚಹಾ ಕುಡಿಯಬೇಕು. ಮುತ್ತಜ್ಜರ ಕಾಲದಿಂದ ಹೀಗೆಯೇ. ಸಿದ್ದಲಿಂಗವ್ವನ ಮಾಡಗ್ಯಾಳ ತಳಿಯ ಟಗರು ಆ ಸಲ ಚಾಂದಬಿಯ ಹಿತ್ತಲಿಗೆ ನುಗ್ಗಿ ಮಲ್ಲಿಗೆ ಬಳ್ಳಿಯನ್ನು ಬೇರುಸಹಿತ ಮೇಯ್ದು ಬಂದಿತ್ತು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಚಾಂದಬಿಯ ಶುಂಠಿ ಚಹಾ ಇಲ್ಲದೆ ಸಿದ್ದಲಿಂಗವ್ವನಿಗೆ ಮಧ್ಯಾಹ್ನವೇ ಸರಿಯುತ್ತಿರಲಿಲ್ಲ. ತಾನೇ ಮಾಡಿದ್ದನ್ನು ಕುಡಿದು, ಪಾಪ, ಟಗರನ್ನು ಬೈಯುತ್ತ ಕೂರುತ್ತಿದ್ದಳು.

ಅಷ್ಟರಲ್ಲಿ ಮುಂಬಯಿಯ ವಿಧಾನಸಭೆಗೆ ಅದೇನು ಹೊಳೆಯಿತೋ! ಹಬ್ಬವನ್ನು ಮೆಚ್ಚಿ ಠರಾವು ಪಾಸು ಮಾಡಿತು. ಅದರಲ್ಲಿ ‘ಶಾಂತಿ, ಶಿಸ್ತಿನ ಪುಷ್ಪೋತ್ಸವ’ ಎಂದಿತ್ತಂತೆ. ಊರ ಪಂಚ ಮುರಗೆಪ್ಪ ಹೌಹಾರಿದ.

“ಠರಾವು ಓದಾಕ ಖುದ್ದ ಆಮದಾರ ಸಾಹೇಬ್ರ ಬರಾತಾರ. ಒಂದ ಹೂವಾ ಹಾರಿದ್ರೂ ಮರ್ಯಾದಿ ಹೋಗ್ತದ. ಎಲ್ಲಾರೂ ಹೂವಾ ಹಿಡ್ಕೊಂಡ ಸುಮ್ಮ ಕುಂದ್ರಿ!”

ಹಿರಿಯಳೆಂದು ಸಿದ್ದಲಿಂಗವ್ವನನ್ನು ವೇದಿಕೆಯ ಮೇಲೆ ಠರಾವು ಓದಲು ಬಂದ ಶಾಸಕರ ಪಕ್ಕದಲ್ಲೇ ಕೂರಿಸಿದರು. ಎದುರಿಗೆ ಚಾಂದಬಿ, ಮುಷ್ಟಿಯಲ್ಲಿ ಚೆಂಡುಹೂ. ಹೊತ್ತು ಮುಳುಗಿದರೆ ಹಬ್ಬ ಮುಗಿಯಿತು. ಇನ್ನೊಂದು ವರ್ಷ ಆ ಚಹಾ ಇಲ್ಲ. ಮುದುಕಿಗೆ ಅಳುವೇ ಬಂತು. ಎರಡು ಮಾತಾಡಿರೆಂದು ಮೈಕು ಕೊಟ್ಟದ್ದೇ ತಡ, ಕೂಗಿದಳು:

“ಚಾಂದಬೀ, ನಿನ್ನ ಮಲ್ಲಿಗಿ ಏನ್ ಚಲೋ ಇರ್ಲಿಲ್ಲ ಬಿಡ. ನನ್ನ ಟಗರು ಅರ್ಧಾ ಉಗುಳ್ತು!”

ಚಾಂದಬಿಗೆ ಸಿಟ್ಟು ನೆತ್ತಿಗೇರಿತು. ಬೀಸಿದಳು ನೋಡಿ! ಹೂವು ತಪ್ಪನೆ ಶಾಸಕರ ಮೂಗಿಗೆ ಬಡಿಯಿತು.

ಇದೂ ಸನ್ಮಾನವೇ ಎಂದುಕೊಂಡು ಆ ಪುಣ್ಯಾತ್ಮರು ಕೈಮುಗಿದು ನಕ್ಕರು. ಅಷ್ಟೇ ಸಾಕಾಯಿತು. “ಯಳವಿ ಊರಿಗಿ ರಸ್ತಾ ಇಲ್ಲ!” ಎಂದು ಒಬ್ಬ ಎಸೆದ. “ಸಾಲಿ ಮಾಳಿಗಿ ಸೋರ್ತದ!” “ಮುಂಜಾನಿ ಬಸ್ಸು!” ಮುರಗೆಪ್ಪನೂ ಹಿಂದಿನಿಂದ, “ನನ್ನ ಬೋರಿಗಿ ಕರೆಂಟು!” ಎಂದು ಒಂದು ಬಾರಿಸಿದ.

ಆ ಹೂಮಳೆಯಲ್ಲಿ ಸಿದ್ದಲಿಂಗವ್ವ ಅತ್ತ ವಾಲಿದಳು, ಇತ್ತ ವಾಲಿದಳು, ಮುಖ ಒಡ್ಡಿದಳು. ಊಹೂಂ! ಎಲ್ಲ ಶಾಸಕರಿಗೇ.

“ನನಗ ಯಾರೂ ಹೊಡೀವಲ್ರಲ್ಲೋ!” ಎಂದು ಗೋಳಾಡಿದಳು.

ಏದುಸಿರು ಬಿಡುತ್ತ ವೇದಿಕೆ ಹತ್ತಿದ ಚಾಂದಬಿ ಎದುರಿಗೇ ನಿಂತು, ಅಲ್ಲೇ ಬಿದ್ದಿದ್ದ ಹೂವೊಂದನ್ನು ಎತ್ತಿ ಅವಳ ನೆತ್ತಿಯ ಮೇಲೆ ಕುಕ್ಕಿದಳು.

“ಸಾಕೇನ? ಏಳ್ ಬೇ, ಚಾ ಇಡ್ತೀನಿ. ಹೊಸಾ ಬಳ್ಳಿ ನೀನ ಹಚ್ಚಿ ಕೊಡಬೇಕ. ಟಗರು ಮಾತ್ರ ಕಟ್ಟಿ ಬಾ.”

ಪದ್ಧತಿ ಅಂದಮೇಲೆ ಪದ್ಧತಿ. ಏಟು ತಿಂದ ಶಾಸಕರನ್ನೂ ಊರವರು ಬಿಡಲಿಲ್ಲ. ಕತ್ತಲಾಗುವ ತನಕ ಮನೆಮನೆಯ ಚಹಾ ಕುಡಿಸಿ, ರಸ್ತೆ, ಶಾಲೆಯ ಮಾಳಿಗೆ, ಬಸ್ಸಿಗೆಲ್ಲ ಹೂಂ ಅನ್ನಿಸಿಕೊಂಡೇ ಕಳಿಸಿದರು. ಇತ್ತ ಚಾಂದಬಿ, ಇಷ್ಟು ದಿನದ್ದೆಲ್ಲ ಸೇರಿಸಿದಳೋ ಏನೋ, ಶುಂಠಿಯನ್ನು ಕಣ್ಣಲ್ಲಿ ನೀರು ಬರುವಷ್ಟು ಜಜ್ಜಿ ಹಾಕಿದ್ದಳು. ಸಿದ್ದಲಿಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಇನ್ನೊಂದು ಬಟ್ಟಲು ಕೇಳಿದಳು.