ಬೊಜೊಲೆಯ ಬಾಟಲಿಯಲ್ಲಿ ರಸಬಾಳೆ

ತೊಂಬತ್ತರ ದಶಕದ ಕೊನೆಯಲ್ಲಿ, ಹೊಸ ಯಂತ್ರ ನಡೆಸುವುದನ್ನು ಕಲಿತು ಬಾ ಎಂದು ನಂಜನಗೂಡಿನ ನಮ್ಮ ಕಾರ್ಖಾನೆಯವರು ನನ್ನನ್ನು ಫ್ರಾನ್ಸಿನ ಲಿಯಾನ್ ಪಟ್ಟಣಕ್ಕೆ ಕಳಿಸಿದರು. ನವೆಂಬರ್ ತಿಂಗಳು. ಚಳಿಗೆ ಮೂಗು ನನ್ನದೋ ಬೇರೆಯವರದೋ ಗೊತ್ತಾಗುತ್ತಿರಲಿಲ್ಲ. ಬ್ರೆಡ್ಡು, ಬೇಯಿಸಿದ ಆಲೂಗಡ್ಡೆಯ ಜೊತೆಗೆ ಅವ್ವ ಕಟ್ಟಿಕೊಟ್ಟ ಚಟ್ನಿಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಖರ್ಚು ಮಾಡುತ್ತಿದ್ದೆ.

ಆ ತಿಂಗಳ ಮೂರನೇ ಗುರುವಾರ ಅಲ್ಲಿ ಹೊಸ ವೈನ್ ಮಾರಾಟಕ್ಕೆ ಬರುತ್ತದೆ. ಅದಾದ ಭಾನುವಾರ ನಾನು ಕಲಿಯುತ್ತಿದ್ದ ಕಾರ್ಖಾನೆಯ ಫೋರ್‌ಮನ್ ಮಿಶೆಲ್ ತನ್ನ ಅಣ್ಣನ ತೋಟ ತೋರಿಸಲು ಕರೆದೊಯ್ದ. ಕಾರಿನಲ್ಲಿ ಉತ್ತರಕ್ಕೆ ಒಂದು ಗಂಟೆ ದಾರಿ. ಬೊಜೊಲೆ ಎಂಬ ಗುಡ್ಡಗಳ ಸೀಮೆ. ಎಲೆ ಉದುರಿದ ದ್ರಾಕ್ಷಿ ಗಿಡಗಳು ಮೊಣಕಾಲೆತ್ತರಕ್ಕೆ ಕುಳ್ಳಗೆ ನಿಂತಿದ್ದವು. ದ್ರಾಕ್ಷಿ ಎಂದರೆ ಚಪ್ಪರ ಎಂದುಕೊಂಡಿದ್ದ, ನಂಜನಗೂಡಿನ ಪಕ್ಕದ ಹಳ್ಳಿ ದೇವನೂರಿನವನಾದ ನನಗೆ ಮೊದಲು ನಂಬಿಕೆಯೇ ಬರಲಿಲ್ಲ.

ಮಿಶೆಲನ ಅಣ್ಣ ರೆನೆ ನಮ್ಮಪ್ಪನ ವಯಸ್ಸಿನವರು. ಅವರ ಫ್ರೆಂಚನ್ನು ಮಿಶೆಲ್ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಅಲ್ಲಿ ಕೆಂಪು ವೈನಿಗೆ ಗಾಮೆ ಎಂಬ ಕಪ್ಪು ದ್ರಾಕ್ಷಿ, ಬಿಳಿಯದಕ್ಕೆ ಸ್ವಲ್ಪ ಶಾರ್ಡೊನೆ. ಅದೇ ಗಾಮೆ ಮೊರ್ಗೊನ್ ಎಂಬ ಊರಿನ ಮಣ್ಣಿನಲ್ಲಿ ಬೆಳೆದರೆ ವೈನ್ ಗಟ್ಟಿ, ವರ್ಷಗಟ್ಟಲೆ ಇಡಬಹುದು. ಫ್ಲೆರಿ ಎಂಬ ಊರಿನದಕ್ಕೆ ಹೂವಿನ ಘಮ. ಹೊಸ ವೈನಿಗೆ ಅಷ್ಟು ಆಯುಸ್ಸಿಲ್ಲ. ಗೊಂಚಲನ್ನು ಹಿಂಡದೆ ಇಡಿಯಾಗಿ ತೊಟ್ಟಿಗೆ ಹಾಕಿ ಮುಚ್ಚಿ, ಕೆಲವೇ ವಾರಗಳಲ್ಲಿ ಬಾಟಲಿಗೆ ತುಂಬುತ್ತಾರೆ.

ರೆನೆ ಹೊಸ ವೈನ್ ತುಂಬಿದ ಲೋಟ ನೀಡಿದರು. ಕೊರಳಲ್ಲಿ ಲಿಂಗವಿದೆ, ಕುಡಿಯುವುದಿಲ್ಲ ಎಂದೆ.

"ಮೂಸಿಯಾದರೂ ನೋಡಿ."

ಮೂಸಿದೆ. ಬಾಳೆಹಣ್ಣು! ಎಲ್ಲೋ ಸಿಗುವ ಬಾಳೆಯಲ್ಲ, ಸಿಪ್ಪೆಯ ಮೇಲೆ ಕಪ್ಪುಚುಕ್ಕೆ ಬಿದ್ದ ದಿನದ ನಮ್ಮ ರಸಬಾಳೆ. ಸೊರಗು ರೋಗಕ್ಕೆ ಸೋತ ಅಪ್ಪ ಕೊನೆಯ ಗೆಡ್ಡೆಯನ್ನೂ ಕಿತ್ತು ಸುಟ್ಟು, ಆ ಜಾಗಕ್ಕೆ ಕಬ್ಬು ಹಾಕಿದ್ದ. ಆಮೇಲೆ ಅಪ್ಪ ಬೇರೆ ಬಾಳೆಹಣ್ಣನ್ನು ಬಾಯಿಗಿಟ್ಟವನಲ್ಲ. ಪರದೇಶದಲ್ಲಿ ಲೋಟ ಹಿಡಿದು ನಿಂತ ನನಗೆ ಅಳು ಬಂತು.

ವಿಷಯ ತಿಳಿದು ರೆನೆ ಹೇಳಿದರು: "ನಮ್ಮ ಹಿರಿಯರ ಕಾಲದಲ್ಲಿ ಬೇರಿನ ಹುಳು ತೋಟಗಳನ್ನೇ ಮುಗಿಸಿತ್ತು. ಅಮೆರಿಕದ ಬೇರಿಗೆ ಕಸಿ ಕಟ್ಟಿ ಉಳಿಸಿಕೊಂಡೆವು. ನೀವೂ ಕಟ್ಟಬಾರದಿತ್ತೇ?"

ಬಾಳೆಗೆ ಕಸಿ ಹತ್ತುವುದಿಲ್ಲ ಎಂದೆ. ಅವರು ಅದೇ ಹೊಸ ವೈನಿನ ಒಂದು ಬಾಟಲಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಅಪ್ಪ ಒಮ್ಮೆ ಮೂಸಿದರೆ ಸಾಕು ಎಂಬುದೇ ನನ್ನ ಆಸೆ.

ಡಿಸೆಂಬರಿನಲ್ಲಿ ನಂಜನಗೂಡಿಗೆ ಬಂದಿಳಿದು ದೇವನೂರಿನ ಬಸ್ಸು ಹತ್ತಿದೆ. ಪಂಚೆಯಲ್ಲಿ ಸುತ್ತಿದ ಬಾಟಲಿ ದಾರಿಯುದ್ದಕ್ಕೂ ತೊಡೆಯ ಮೇಲಿತ್ತು. "ಎಂಡವ ಒಳೀಕ್ ತರ್ಬ್ಯಾಡ ಕಣೋ" ಎಂದು ಅವ್ವ ಬಾಗಿಲಲ್ಲೇ ತಡೆದಳು. ಜಗಲಿಯಲ್ಲೇ ಬಿರಡೆ ತೆಗೆದು ಲೋಟಕ್ಕೆ ಸುರಿದೆ. ಅಪ್ಪ ಮೂಗಿಗೆ ಹಿಡಿದು ಕಣ್ಣು ಮುಚ್ಚಿದ.

"ನಮ್ದೇ ಕಣ್ಲಾ."

ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸಲಿಲ್ಲ. ಬಿರಡೆ ಹಾಕಲು ಹೋದರೆ ಕೈ ಹಿಡಿದ. "ಮುಚ್ಚಬ್ಯಾಡ. ವಾಸ್ನೆ ಬತ್ತಾ ಇರ್ಲಿ."

ತೆರೆದಿಟ್ಟರೆ ಕೆಡುತ್ತದೆ ಎಂದು ಹೇಳಬೇಕಿತ್ತು. ಆ ಮುಖ ನೋಡಿ ಹೇಳಲು ಮನಸ್ಸು ಬರಲಿಲ್ಲ. ಹೋಗುತ್ತಾ ಬರುತ್ತಾ ಅಪ್ಪ ಬಗ್ಗಿ ಮೂಸುತ್ತಿದ್ದ. ಮೂರನೇ ದಿನ ಬಾಟಲಿಯಿಂದಲೂ ಲೋಟದಿಂದಲೂ ಬರೀ ಹುಳಿ ವಾಸನೆ ಬಂತು. ಅಪ್ಪ ಮತ್ತೆ ಮತ್ತೆ ಮೂಸಿ, ಲೋಟವನ್ನು ಕೆಳಗಿಟ್ಟು ನನ್ನ ಕಡೆ ನೋಡಿದ.

"ಇದ್ಕೂ ರೋಗ ಬಂತೇನ್ಲಾ?"