ಬಗ್ಗಿ ನೋಡಿದ ಬೆಳಕು

ಸರ್ಕಾರಕ್ಕೆ ಸಾಕ್ಷಿ ಹೇಳಲು ಹೋಗಿ ಸುಗಲಮ್ಮ ಕಳೆದುಕೊಂಡ ಕೂಲಿ ಇನ್ನೂ ಬಂದಿಲ್ಲ. ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಇಪ್ಪತ್ತೆಂಟನೆಯ ಮಹಡಿಯಲ್ಲಿ ಇಟ್ಟಿಗೆ ಹೊರುವಾಗ, ಗುರುತಿಲ್ಲದ ಬೆಳಕೊಂದು ಹಾರಿದ್ದನ್ನು ಕಂಡದ್ದೇ ಅವಳ ತಪ್ಪು. ಅಂದಿನಿಂದ ಸೂರ್ಯಕಾಂತ ಸಾಹೇಬರು ಅವಳನ್ನು ನಾಂಪಲ್ಲಿಯ ತಮ್ಮ ಕಚೇರಿಗೆ ಕರೆಸುತ್ತಲೇ ಇದ್ದಾರೆ. ಆಕಾಶದಲ್ಲಿ ಏನೇ ಹಾರಿದರೂ ತನಿಖೆ ಮಾಡಬೇಕಾದ ಈ ಸಾಹೇಬರು ಸ್ವತಃ ಎಂದೂ ತಲೆ ಎತ್ತಿದವರಲ್ಲ, ಕುತ್ತಿಗೆಗೆ ನೋವಿನ ಪಟ್ಟಿ ಬಿಗಿದುಕೊಂಡಿದ್ದಾರೆ. ಮಾತಿಗೊಮ್ಮೆ 'ಕಾಯದೆ ಪ್ರಕಾರ' ಎನ್ನುತ್ತಾರೆ. ಚಹಾದಲ್ಲಿ ಬಿಸ್ಕತ್ತು ಮುಳುಗಿದರೆ, ಅದು ತಾನಾಗಿ ಬಿತ್ತೋ ಯಾರಾದರೂ ಬೀಳಿಸಿದರೋ ಎಂದು ಜವಾನನನ್ನು ವಿಚಾರಿಸುತ್ತಾರೆ. "ಕುತ್ತಿಗಿ ಎತ್ತಿ ನೋಡಿದೇನವಾ?" ಎಂದು ಅವಳನ್ನು ಕೇಳುತ್ತಾರೆ. "ಇಲ್ರೀ ಸಾಹೇಬ್ರ, ಬಗ್ಗಿ ನೋಡೀನಿ. ಅದು ನನ್ನ ಕಾಲ ಕೆಳಗ ಹಾರಾಕತ್ತಿತ್ತು," ಎನ್ನುತ್ತಾಳೆ ಅವಳು. "ಕಾಯದೆ ಪ್ರಕಾರ ಆಕಾಶ ಮ್ಯಾಲಿರ್ತೈತಿ! ನೆಟ್ಟಗ ನೆನಪು ಮಾಡ್ಕೊಂಡು ನಾಳೆ ಬಾ," ಎಂದು ಅಟ್ಟುತ್ತಾರೆ. ಪ್ರತಿಸಲ ಇದೇ ಗೋಳು. ಕೊನೆಗೊಂದು ದಿನ ಅವಳು ರೇಗಿ, "ನೀವ ಬಂದು ಬಗ್ಗಿ ನೋಡ್ರಿ," ಎಂದುಬಿಟ್ಟಳು. ಬಂದರು ಪುಣ್ಯಾತ್ಮರು. ಲಿಫ್ಟಿನಲ್ಲಿ ಕಣ್ಣು ಮುಚ್ಚಿಕೊಂಡೇ ಏರಿದವರು, ಮೇಲೆ ಗೋಡೆಯಿಲ್ಲದ ಅಂಚಿನ ಬಳಿ ಕಣ್ಣು ಬಿಟ್ಟವರೇ ಸಿಮೆಂಟು ಮೆತ್ತಿದ ಅವಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದರು. ಬೆಳಕಿನ ಸುದ್ದಿ ಎತ್ತಲಿಲ್ಲ, ಕಾಯದೆ ಬಾಯಿಗೆ ಬರಲಿಲ್ಲ. "ಇಲ್ಲಿ ಹಿಡ್ಕೊಳ್ಳಾಕ ಏನೂ ಇಲ್ಲೇನವಾ?" ಎಂದರು. "ಇಷ್ಟು ವರ್ಷದಾಗ ಇದನ್ನ ಕೇಳಿದವ್ರು ನೀವೊಬ್ರ ನೋಡ್ರಿ," ಎಂದಳು ಸುಗಲಮ್ಮ. ಆ ಮಹಡಿಯಲ್ಲಿ ಬಾಲ್ಕನಿ ಇರುವ ಮನೆ ಬುಕ್ ಮಾಡಿ ಕಾಯುತ್ತಿರುವವರೇ, ಕೂಲಿಯ ಮಾತು ಆಮೇಲಾಗಲಿ. ಮೊದಲು ಆ ಅಂಚಿಗೊಂದು ಕಂಬಿ ಹಾಕಿಸಿ.