ಪಟ್ಟಾಭಿರಾಮನ ಮೂಗು ತೆರೆದ ಬೆಳಿಗ್ಗೆ

ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೋಹಕ್ಕೆ ಪಾಲಿಶ್ ಹಾಕುತ್ತಿದ್ದ ಪಟ್ಟಾಭಿರಾಮನಿಗೆ ಆರೇಳು ವರ್ಷಗಳಿಂದ ಮೂಗು ಕನ್ನಡಕ ಕೂರಿಸುವುದಕ್ಕಷ್ಟೇ ಉಪಯೋಗಕ್ಕೆ ಬರುತ್ತಿತ್ತು. ಸದಾ ಕಟ್ಟಿಕೊಂಡಿರುತ್ತಿತ್ತು, ಬಗ್ಗಿದರೆ ಹುಬ್ಬಿನ ಮೇಲೆ ಕಲ್ಲಿಟ್ಟಂತೆ ಭಾರ. ಬಿಡಿಸಿಕೊಳ್ಳಲೆಂದು ನಶ್ಯ ಏರಿಸುತ್ತಿದ್ದ, ಅದು ಇನ್ನಷ್ಟು ಕಟ್ಟುತ್ತಿತ್ತು.

ಎಂಬತ್ತೆರಡನೆಯ ಇಸವಿಯಲ್ಲಿ ಕೊನೆಗೂ ಡಾಕ್ಟರ ಹತ್ತಿರ ಹೋದ. ಅವರು ಮೊದಲು ನಶ್ಯದ ಡಬ್ಬಿ ಕಿತ್ತುಕೊಂಡರು.

"ಇದು ಬರೀ ನೆಗಡಿ ಅಲ್ಲ ಕಣ್ರೀ, ಸೈನಸ್. ಮೂಗಿನ ಸುತ್ತ ಇರೋ ಪೊಳ್ಳುಗಳು ಒಳಗೇ ಊದ್ಕೊಂಡಿವೆ. ಕುದಿಸಿ ಆರಿಸಿದ ಉಗುರುಬೆಚ್ಚಗಿನ ಉಪ್ಪುನೀರಲ್ಲಿ ದಿನಾ ಮೂಗು ತೊಳೀರಿ. ಕೆಲಸದಲ್ಲಿ ಧೂಳು ಹೋಗದ ಹಾಗೆ ಬಟ್ಟೆ ಕಟ್ಕೊಳ್ಳಿ. ವಾಸಿಯಾಯ್ತು ಅಂತ ಬಿಟ್ರೆ ಮತ್ತೆ ಬರುತ್ತೆ."

ಹೆಂಡತಿ ವತ್ಸಲಾ ಒಂದು ದಿನವೂ ತಪ್ಪದೆ ನೀರು ಕಾಯಿಸಿಕೊಟ್ಟಳು. ಮೂರನೆಯ ತಿಂಗಳ ಒಂದು ಬೆಳಿಗ್ಗೆ ಪಟ್ಟಾಭಿರಾಮ ಲೋಟ ಬಾಯಿಗಿಡುವಷ್ಟರಲ್ಲಿ ಬೆಚ್ಚಿಬಿದ್ದ. ಕಾಫಿ ಘಮ್ಮೆನ್ನುತ್ತಿತ್ತು! ಕುಣಿಯುವಷ್ಟು ಖುಷಿಯಾಗಿ, ಎದ್ದುಹೋಗಿ ಕಿಟಕಿ ತೆರೆದು ಎದೆ ತುಂಬ ಉಸಿರೆಳೆದ.

ಮರುಕ್ಷಣವೇ ಮೂಗು ಮುಚ್ಚಿಕೊಂಡ. "ಅಯ್ಯಪ್ಪಾ! ಏನೇ ಇದು ನಾತ?"

"ಮನೆ ಓನರ್ ಚಿಕ್ಕಬೈರಪ್ಪನೋರ ತಿಪ್ಪೆ. ನಾವು ಬಂದಾಗಿಂದ್ಲೂ ಅಲ್ಲೇ ಇದೆ. ಬೇರೆ ಮನೆ ನೋಡಿ ಅಂತ ಐದು ವರ್ಷದಿಂದ ಬಡ್ಕೊಂಡೆ. ಎಂಥಾ ಒಳ್ಳೆ ಗಾಳಿ ಕಣೇ ಅಂತಿದ್ರಿ."

"ಈ ಭಾನುವಾರವೇ ಹುಡುಕ್ತೀನಿ!"

ವತ್ಸಲಾ ನಗುತ್ತಾ ಉಪ್ಪುನೀರಿನ ಚೊಂಬನ್ನು ಅವನ ಮುಂದಿಟ್ಟಳು.

"ಮನೆ ಸಿಗೋವರ್ಗೂ ಒಂದು ದಿನಾನೂ ತಪ್ಪಿಸ್ಬೇಡಿ. ಚೆನ್ನಾಗಿ ತೊಳ್ಕೊಳ್ಳಿ."